ಕುಂಬಾರನ ನಾಟಕ ಮತ್ತು ಒಂದು ಮುಚ್ಚಳಿಕೆ

ನಾಟಕಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಮೊದಲು ಕೇಳುವುದು, "ಅಜ್ಜಾರ, ನೀವು ಯಾವ ಪಾರ್ಟ್ ಮಾಡ್ತಿದ್ರಿ?" ಎಂದು. ನಾನು ಒಂದೂ ಪಾರ್ಟ್ ಮಾಡಿದವನಲ್ಲ. ಮೂವತ್ತೆಂಟು ವರ್ಷ ಮರೆಯಲ್ಲಿ ಕುಳಿತು, ಮರೆತವರಿಗೆ ಮಾತು ಎತ್ತಿಕೊಟ್ಟವನು. ನೀವು ಅದಕ್ಕೆ ಪ್ರಾಂಪ್ಟರ್ ಎನ್ನುತ್ತೀರಿ. ನಮ್ಮ ಮಂಡಳಿಯಲ್ಲಿ ‘ಮಾತು ಕೊಡುವವ’ ಎನ್ನುತ್ತಿದ್ದರು. ಮುಂದೆ ನನ್ನನ್ನು ವ್ಯವಸ್ಥಾಪಕನನ್ನಾಗಿ ಮಾಡಿದರು, ಹಾರ ಹಾಕಿದರು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಈ ಕೆಲಸದ ಒಂದು ಗುಟ್ಟು ಮೊದಲೇ ಹೇಳಿಬಿಡುತ್ತೇನೆ. ನಟ ಸುಮ್ಮನೆ ನಿಂತಾಗ ಅದು ಅಭಿನಯವೋ ಮರೆವೋ ಎಂದು ಅವನ ಮುಖ ನೋಡಿ ತಿಳಿಯಲು ಹೋಗಬೇಡಿ. ಮುಖ ಸುಳ್ಳು ಹೇಳುವುದನ್ನು ಕಲಿತಿರುತ್ತದೆ. ಕಾಲಿನ ಹೆಬ್ಬೆರಳು ನೋಡಿರಿ. ಮರೆತವನ ಹೆಬ್ಬೆರಳು ನೆಲವನ್ನು ಒತ್ತುತ್ತದೆ. ಆಗ ಮೊದಲ ಎರಡು ಶಬ್ದ ಮಾತ್ರ ಕೊಡಬೇಕು. ಇಡೀ ಸಾಲು ಕೊಟ್ಟರೆ ನಟ ಸೋಮಾರಿಯಾಗುತ್ತಾನೆ. ತಪ್ಪು ಸಾಲು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಮಟಕಿಯವನು. ನಮ್ಮದು ಆಗ ಹೈದರಾಬಾದ್ ಸಂಸ್ಥಾನ. ಸಾಲೆಯಲ್ಲಿ ಕಲಿತದ್ದು ಉರ್ದು, ಮನೆಯಲ್ಲಿ ಚಿಕ್ಕಪ್ಪನಿಂದ ಕಲಿತದ್ದು ಕನ್ನಡ. ಎರಡೂ ಅಕ್ಷರ ಬರುತ್ತಿದ್ದುದರಿಂದ ಇಪ್ಪತ್ತಾರನೆಯ ವಯಸ್ಸಿಗೆ ಮಂಡಳಿಯವರು ನನ್ನನ್ನು ಸೇರಿಸಿಕೊಂಡು ಮಾಸ್ತರ ಎಂದು ಕರೆಯತೊಡಗಿದರು. ಆಳಂದ ಸೀಮೆಯ ಹತ್ತು ಹದಿನೈದು ಒಕ್ಕಲು ಮನೆಗಳು ಸೇರಿ ಕಟ್ಟಿದ ಮಂಡಳಿ ಅದು. ಸುಗ್ಗಿ ಮುಗಿದ ಮೇಲೆ ಬಂಡಿ ಹೂಡಿಕೊಂಡು ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಆಡುತ್ತಿದ್ದೆವು. ಯಜಮಾನರು ಗೌಡರಾದ ಭೀಮರಾಯರು. ನಾಟಕ ಕಟ್ಟುತ್ತಿದ್ದವರೂ ಅವರೇ, ಕಲಿಸುತ್ತಿದ್ದವರೂ ಅವರೇ. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಮಾತು ನಿಲ್ಲಿಸಿಬಿಡುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟ.

1947ರಲ್ಲಿ ನಾವು ಆಡುತ್ತಿದ್ದುದು ಒಬ್ಬ ಕುಂಬಾರನ ಕಥೆ. ರಾಜನ ಉತ್ಸವಕ್ಕೆ ಗಡಿಗೆ ಮಾಡಿಕೊಡಲು ಕುಂಬಾರ ಒಪ್ಪುವುದಿಲ್ಲ. ಅವನನ್ನು ಕಟ್ಟಿ ತರುತ್ತಾರೆ. ಕೊನೆಯ ಪ್ರವೇಶದಲ್ಲಿ ರಾಜ ಕೇಳುತ್ತಾನೆ: "ಯಾರ ಮಣ್ಣಿನ ಮೇಲೆ ನಿಂತಿರುವೆ ಬಲ್ಲೆಯಾ?" ಕುಂಬಾರನ ಉತ್ತರ ಹೀಗಿತ್ತು: "ಈ ಮಣ್ಣನ್ನು ತುಳಿದು ಹದ ಮಾಡಿದವನು ನಾನು. ನೀನು ಇದರ ಮೇಲೆ ನಡೆದವನು ಮಾತ್ರ."

ಕುಂಬಾರನಾಗುತ್ತಿದ್ದವನು ಚನ್ನಪ್ಪ. ಗರಡಿಯ ಮೈ, ಗುಡಿಯ ಗಂಟೆಯಂಥ ದನಿ. ಅಕ್ಷರ ಬರುತ್ತಿರಲಿಲ್ಲ. ನಾನು ಓದಿ ಹೇಳಿದ್ದನ್ನು ಕಿವಿಯಿಂದ ಕಲಿಯುತ್ತಿದ್ದ. ಹುಮ್ಮಸ್ಸು ಬಂದರೆ ತನ್ನ ನಾಲ್ಕು ಮಾತು ಸೇರಿಸುವ ಚಾಳಿ ಅವನಿಗಿತ್ತು. ಭೀಮರಾಯರು ಇದಕ್ಕಾಗಿ ಅವನೊಡನೆ ಎಷ್ಟೋ ಸಲ ಮಾತು ಬಿಟ್ಟಿದ್ದರು.

ತಬಲಾಕ್ಕೆ ಇಮಾಮಸಾಬರು. ಗೊಬ್ಬೂರಿನವರು, ನಲವತ್ತು ದಾಟಿದವರು. ಬಣ್ಣ ಹಚ್ಚುವ ಕೆಲಸವೂ ಅವರದೇ. ಚನ್ನಪ್ಪನ ಮುಖಕ್ಕೆ ಅರದಾಳದ ಹಳದಿ ಬಣ್ಣ ಬಳಿಯುತ್ತ, "ಹಲ್ಲ ಕಿಸೀಬ್ಯಾಡಲೇ, ಕುಂಬಾರ ಇದ್ದೀ ನೀ, ಮದಲಿಂಗ ಅಲ್ಲ" ಎಂದು ಬೈಯುವರು.

ಆ ವರ್ಷ ಎರಡು ಹುಕುಂ ಬಂದವು. ಹೊತ್ತು ಮುಳುಗಿದ ಮೇಲೆ ಜನ ಸೇರುವಂತಿಲ್ಲ ಎಂಬುದು ಒಂದು. ನಾಟಕದ ಬರಹವನ್ನು ಠಾಣೆಗೆ ಕೊಟ್ಟು, ಪುಟಪುಟಕ್ಕೂ ಮೊಹರು ಹಾಕಿಸಿಕೊಳ್ಳಬೇಕು, ಅದರಲ್ಲಿಲ್ಲದ ಒಂದು ಶಬ್ದವೂ ರಂಗದ ಮೇಲೆ ಬರಬಾರದು ಎಂಬುದು ಇನ್ನೊಂದು.

ಮೊದಲನೆಯದು ನನ್ನ ಕೆಲಸವನ್ನೇ ಬದಲಿಸಿತು. ಅಲ್ಲಿಯವರೆಗೆ ಗ್ಯಾಸಬತ್ತಿಯ ಬೆಳಕು ನಟರ ಮೇಲೆ, ಕತ್ತಲು ನನ್ನ ಮೇಲೆ. ಹಗಲಲ್ಲಿ ಆಡತೊಡಗಿದಾಗ ಬಿಸಿಲು ಹಿಂದಿನಿಂದ ಬಿದ್ದು ಪಕ್ಕದ ಪರದೆಯ ಮೇಲೆ ನನ್ನ ನೆರಳು ದೊಡ್ಡದಾಗಿ ಮೂಡುತ್ತಿತ್ತು. ರಾಣಿ ಅಳುವಾಗ ನನ್ನ ನೆರಳು ಮೂಗು ತುರಿಸಿಕೊಳ್ಳುವುದನ್ನು ಕಂಡು ಜನ ನಕ್ಕರು. ಆಮೇಲೆ ಭೀಮರಾಯರು ಜೋಳ ತುಂಬುವ ಒಂದು ಬಿದಿರಿನ ಕಣಜ ತರಿಸಿ, ಕುಂಬಾರನ ಮನೆಯ ಸಾಮಾನಿನ ಹಾಗೆ ರಂಗದ ಎಡಗಡೆ ಇಡಿಸಿದರು. ನಟರ ಕಡೆಗೆ ಒಂದು ಕಿಂಡಿ. ಒಳಗೆ ನಾನು. ಗೊಬ್ಬೂರಿನಲ್ಲಿ ಒಂದು ಆಡು ಬಂದು ಆ ಕಿಂಡಿಯೊಳಗೆ ಮೂತಿ ತೂರಿಸಿ ಎರಡನೆಯ ಅಂಕದ ಅರ್ಧ ಹಾಳೆ ತಿಂದುಹೋಯಿತು. ಉಳಿದರ್ಧ ನೆನಪಿನಿಂದ ಕೊಟ್ಟೆ. ಬರಹ ಇದೆ ಎಂಬ ಧೈರ್ಯದ ಮೇಲೆ ಮಾತು ಕೊಡುವವನು ಕೂಡಬಾರದು ಎಂದು ಅವತ್ತು ಕಲಿತೆ.

ಎರಡನೆಯ ಹುಕುಂ ಪ್ರಕಾರ ನಾನೇ ನಾಟಕವನ್ನು ಉರ್ದುವಿಗೆ ಇಳಿಸಿ, ಕನ್ನಡದ ಒಂದು ಪ್ರತಿಯ ಜೊತೆ ಠಾಣೆಗೆ ಒಯ್ದೆ. ಅಮೀನ, ಅಂದರೆ ಠಾಣೆಯ ಅಧಿಕಾರಿ, ಕೊನೆಯ ಪ್ರವೇಶದ ಆ ಉತ್ತರಕ್ಕೆ ಕೆಂಪು ಮಸಿಯಿಂದ ಅಡ್ಡಗೆರೆ ಎಳೆದ. ಅದರ ಬದಲು "ಪ್ರಭೂ, ತಮ್ಮ ಮಣ್ಣಿನ ಮೇಲೆ" ಎಂದು ಬರೆಯಿಸಿದ. ಭೀಮರಾಯರು ಆ ಹಾಳೆ ನೋಡಿ ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ನಾಲ್ಕನೆಯ ದಿನ, "ಆಡೋಣು. ಉಳಿದಿದ್ದರೆ ಮುಂದ ನೋಡೋಣು" ಎಂದರು.

ಮಟಕಿಯ ಆಟ. ನನ್ನದೇ ಊರು. ಬೇವಿನ ಮರದ ಬಯಲಿನಲ್ಲಿ ಚಪ್ಪರ. ಸುತ್ತಲಿನ ನಾಲ್ಕಾರು ಊರಿನ ಜನ. ಮುಂದಿನ ಸಾಲಿನಲ್ಲಿ ಠಾಣೆಯ ಇಬ್ಬರು ಜವಾನರು, ಅವರ ಪಕ್ಕದಲ್ಲಿ ಖಾಕಿ ತೊಟ್ಟ ಬಂದೂಕಿನವರು ನಾಲ್ಕು ಜನ. ಅವರು ಸರಕಾರದವರೂ ಅಲ್ಲ, ಊರಿನವರೂ ಅಲ್ಲ, ಸಂಸ್ಥಾನ ಉಳಿಸುತ್ತೇವೆಂದು ತಾವೇ ಪಡೆ ಕಟ್ಟಿಕೊಂಡವರು. ಆಗ ಅಂಥವರು ಎಲ್ಲ ಕಡೆ ತಿರುಗುತ್ತಿದ್ದರು.

ನಾಟಕದ ಎರಡು ಕನ್ನಡ ಪ್ರತಿಗಳಿದ್ದವು. ಹಳೆಯದೊಂದು, ಮೊಹರಿನದೊಂದು. ಎರಡಕ್ಕೂ ಒಂದೇ ಕೆಂಪು ಬಟ್ಟೆಯ ರಟ್ಟು ಹಾಕಿದವನು ನಾನೇ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟವನೂ ನಾನೇ. ಕಣಜದೊಳಗಿನ ಮಬ್ಬಿನಲ್ಲಿ ಯಾವುದನ್ನು ತೆಗೆದುಕೊಂಡು ಕುಳಿತಿದ್ದೇನೆ ಎಂದು ನಾನು ನೋಡಲಿಲ್ಲ. ಮೊದಲ ಮೂರು ಅಂಕ ಎರಡರಲ್ಲೂ ಒಂದೇ ಇತ್ತು, ಮೊಹರಿನ ಕಡೆ ನನ್ನ ಕಣ್ಣು ಹೋಗಲಿಲ್ಲ.

ಕೊನೆಯ ಪ್ರವೇಶ. ರಾಜ ಕೇಳಿದ. ಚನ್ನಪ್ಪ ಬಾಯಿ ತೆರೆದ, ಮಾತು ಬರಲಿಲ್ಲ. ಮೊದಲು ಕಲಿತದ್ದು ಒಂದು, ಆಮೇಲೆ ಕಲಿಸಿದ್ದು ಇನ್ನೊಂದು. ಎರಡರ ನಡುವೆ ಸಿಕ್ಕಿಬಿದ್ದಿದ್ದ. ಹೆಬ್ಬೆರಳು ಹಲಗೆಯನ್ನು ಒತ್ತಿತು. ನಾನು ಕಣ್ಣೆದುರಿಗಿದ್ದ ಸಾಲಿನ ಮೊದಲ ಶಬ್ದಗಳನ್ನು ಪಿಸುಗುಟ್ಟಿದೆ: "ಈ ಮಣ್ಣನ್ನು ತುಳಿದು..."

ಅಷ್ಟೇ ಸಾಕಾಯಿತು. ಅವನ ದನಿ ಬೇವಿನ ಮರದ ಆಚೆಗೆ ಹೋಯಿತು. ಜನ ಎದ್ದು ನಿಂತು ರುಮಾಲು ಹಾರಿಸಿದರು, ಕೂಗಿದರು. ನಾನು ಕೆಳಗೆ ನೋಡಿದೆ. ಪುಟದಲ್ಲಿ ಮೊಹರು ಇರಲಿಲ್ಲ.

ಚನ್ನಪ್ಪನನ್ನು ಬಣ್ಣದಲ್ಲೇ ಕರೆದೊಯ್ದರು. ಭೀಮರಾಯರು ನನ್ನ ಕಣಜದ ಹತ್ತಿರ ಬಂದರು.

"ನೀ ಕೊಟ್ಟಿ ಏನು? ಇಲ್ಲಾ ಅಂವನ ಸೇರಿಸಿಕೊಂಡ್ನೋ?"

ಹಳೆಯ ಪ್ರತಿಯನ್ನು ನಾನು ಅಷ್ಟರಲ್ಲಿ ಅಂಗಿಯೊಳಗೆ ತೂರಿಸಿಕೊಂಡಿದ್ದೆ. ಪೆಟ್ಟಿಗೆಯಿಂದ ತೆಗೆದ ಮೊಹರಿನ ಪ್ರತಿ ಕೈಯಲ್ಲಿತ್ತು. "ಅಂವನ ಸೇರಿಸಿಕೊಂಡ್ನ್ರಿ. ನಿಮಗ ಗೊತ್ತ ಅದಲ್ಲ ಅವನ ಚಾಳಿ" ಎಂದೆ.

ಅವರು ನಂಬಿದರು. ಎಲ್ಲರೂ ನಂಬಿದರು. ನಂಬುವಂಥ ಸುಳ್ಳನ್ನೇ ನಾನು ಆರಿಸಿಕೊಂಡಿದ್ದೆ.

ಐದು ದಿನ ಅವನನ್ನು ಬಿಡಲಿಲ್ಲ. ಅವನ ಹೆಂಡತಿ ಭೀಮರಾಯರ ಕಟ್ಟೆಯ ಮೇಲೆ ಬಂದು ಕುಳಿತಳು. ಅಳಲಿಲ್ಲ, ಏನೂ ಕೇಳಲಿಲ್ಲ. ನಾನು ಆ ಓಣಿಯಲ್ಲಿ ಹೋಗುವುದನ್ನು ಬಿಟ್ಟೆ. ಆರನೆಯ ದಿನ ಇಮಾಮಸಾಬರು ಒಗೆದ ಶೇರವಾನಿ ತೊಟ್ಟು ಬಂದರು.

"ನಾ ಹೋಗ್ತೀನ್ರಿ ಗೌಡ್ರ. ನನ್ನ ಭಾಷಾ ಅವರಿಗಿ ತಿಳಿತದ."

ಭೀಮರಾಯರು, "ನಿಮಗ ಏನರ ಆದ್ರ?" ಎಂದರು.

"ಆದ್ರ ಆತು. ಅಂವ ಒಳಗ ಸತ್ರ ತಬಲಾ ಯಾರಿಗಿ ಬಾರಸ್ಲಿ?"

ಸಂಜೆಯ ಹೊತ್ತಿಗೆ ಚನ್ನಪ್ಪನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಬಂದರು. ಇಮಾಮಸಾಬರು ಮುಚ್ಚಳಿಕೆ ಬರೆದುಕೊಟ್ಟಿದ್ದರು. ಅಂದರೆ ಇನ್ನು ಮುಂದೆ ಚನ್ನಪ್ಪನ ಬಾಯಿಂದ ಮೊಹರಿಲ್ಲದ ಮಾತು ಬಂದರೆ ತಾನೇ ಜವಾಬುದಾರ ಎಂಬ ಕಾಗದ. ಠಾಣೆಯ ಗುಮಾಸ್ತ ಮುನ್ಶಿ ಬರೆದ, ಇವರು ಸಹಿ ಹಾಕಿದರು. ಅದರಲ್ಲಿ ಮತ್ತೇನಿತ್ತು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ತಿಂಗಳ ಮೇಲೆ ತಾಲೀಮು ಶುರುವಾಯಿತು. ಕಣಜ ಎಂದಿನಂತೆ ಎಡಗಡೆ. ಚನ್ನಪ್ಪ ಒಂದು ಕಡೆ ತಡೆದ. ಮಾತು ಕೊಟ್ಟೆ, ಅವನು ತೆಗೆದುಕೊಳ್ಳಲಿಲ್ಲ. ಇನ್ನಷ್ಟು ಜೋರಾಗಿ ಕೊಟ್ಟೆ. ಅವನು ಅತ್ತಿತ್ತ ನೋಡಿ, ಮೆಲ್ಲಗೆ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದ. ಆಗ ತಿಳಿಯಿತು. ಠಾಣೆಯಲ್ಲಿ ಎಡಗಿವಿ ಹೋಗಿತ್ತು.

ಆ ಗಳಿಗೆಯಲ್ಲಾದರೂ ನಾನು ಹೊರಗೆ ಬಂದು ನಿಜ ಹೇಳಬೇಕಿತ್ತು. ಹೇಳಲಿಲ್ಲ. ಇಮಾಮಸಾಬರು ಎದ್ದು ಬಂದು, "ಕಣಜ ಬಲಕ್ಕ ಇಡ್ರಪ್ಪಾ" ಎಂದು ತಾವೇ ಒಂದು ಕಡೆ ಹಿಡಿದು ನೂಕಿದರು. ಒಳಗೆ ಕುಳಿತಿದ್ದ ನನ್ನನ್ನೂ ಸೇರಿಸಿಯೇ ನೂಕಿದರು. ಚನ್ನಪ್ಪ ಒಮ್ಮೆ ಕಿಂಡಿಯೊಳಗೆ ನನ್ನ ಕಡೆ ನೋಡಿದ. ಅವನಿಗೆ ಎಲ್ಲ ಗೊತ್ತಿದೆ ಎಂದು ನನಗೆ ಗೊತ್ತಾಯಿತು. ಅವನ ಕಿವಿಗೆ ಬಿದ್ದ ಮಾತು ಯಾರದೆಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಆದರೂ ಅವನು ಯಾರಿಗೂ ಹೇಳಿರಲಿಲ್ಲ.

ಚಳಿಗಾಲದಲ್ಲಿ ಅಫಜಲಪುರದಲ್ಲಿ ಆಟ ಆಡಬೇಕೆಂದು ಅಲ್ಲಿಯ ಅಧಿಕಾರಿಯೇ ಹೇಳಿಕಳಿಸಿದ. ಊರು ಶಾಂತವಾಗಿದೆ ಎಂದು ಮೇಲಿನವರಿಗೆ ತೋರಿಸಬೇಕಿತ್ತು. ಒಲ್ಲೆ ಎನ್ನುವಂತಿರಲಿಲ್ಲ. ನಡು ಮಧ್ಯಾಹ್ನ, ಸಂತೆಯ ಬಯಲು. ಅಧಿಕಾರಿ ಕುರ್ಚಿಯ ಮೇಲೆ, ಪಕ್ಕದಲ್ಲಿ ಮುನ್ಶಿ. ಮೊಹರಿನ ಬರಹದ ಉರ್ದು ನಕಲು ಮುನ್ಶಿಯ ತೊಡೆಯ ಮೇಲಿತ್ತು. ನಟರು ಒಂದೊಂದು ಮಾತು ಆಡಿದಾಗಲೂ ಅವನ ಬೆರಳು ಒಂದೊಂದು ಸಾಲು ಕೆಳಗಿಳಿಯುತ್ತಿತ್ತು. ನಾನು ಕಿಂಡಿಯಿಂದ ಆ ಬೆರಳನ್ನೇ ನೋಡುತ್ತಿದ್ದೆ. ಇಮಾಮಸಾಬರ ಕೈ ತಬಲಾದ ಮೇಲೆ, ಕಣ್ಣು ಚನ್ನಪ್ಪನ ತುಟಿಯ ಮೇಲೆ. ಬಿಸಿಲಿಗೆ ಎಲ್ಲರ ಬಣ್ಣ ಕರಗಿ ಕುತ್ತಿಗೆಗೆ ಇಳಿದಿತ್ತು.

ಮಟಕಿಯಲ್ಲಿ ಆಡಿದ ಆ ಮಾತು ಅಷ್ಟರಲ್ಲಿ ಊರೂರು ತಿರುಗಿತ್ತು. ಅದು ಬರುತ್ತದೆ ಎಂದೇ ಜನ ಕಾಯುತ್ತಿದ್ದರು. ಕೊನೆಯ ಪ್ರವೇಶಕ್ಕೆ ಬಂದಾಗ ರಾಜ ಕೇಳಿದ.

"ಯಾರ ಮಣ್ಣಿನ ಮೇಲೆ ನಿಂತಿರುವೆ ಬಲ್ಲೆಯಾ?"

ಚನ್ನಪ್ಪ ಮಂಡಿಯೂರಿದ. "ಪ್ರಭೂ..." ಎಂದು ಶುರುಮಾಡಿದ. ಅಷ್ಟರಲ್ಲಿ ಹೆಂಗಸರು ಕುಳಿತ ಕಡೆಯಿಂದ ಒಂದು ಮುದುಕಿಯ ದನಿ. ಅವನು ಮರೆತನೆಂದೇ ತಿಳಿದಳೇನೋ. "ತುಳದ ಹದಾ ಮಾಡ್ದಾವ ನಾನು, ಅನ್ನೋ ತಮ್ಮಾ! ಅಂಜಬ್ಯಾಡ, ಅನ್ನು!"

ಮುನ್ಶಿಯ ಬೆರಳು ನಿಂತಿತು. ಅಧಿಕಾರಿ ಎದ್ದ. "ಕೌನ್ ಬೋಲಾ?"

ಖಾಕಿಯವರು ಹೆಂಗಸರ ಕಡೆ ತಿರುಗಿದರು. ಇಮಾಮಸಾಬರು ತಬಲಾ ಬಿಟ್ಟು ಎದ್ದು, ಅವರಿಗೂ ಹೆಂಗಸರಿಗೂ ನಡುವೆ ಬಂದು ಕೈಮುಗಿದು ನಿಂತರು. ಉರ್ದುವಿನಲ್ಲಿ ಮಾತಾಡಿದರು. ನನಗೆ ಒಂದೊಂದು ಶಬ್ದವೂ ನೆನಪಿದೆ. "ಹುಜೂರ್, ಮುಚ್ಚಳಿಕೆ ಕೊಟ್ಟವನು ನಾನು. ನನ್ನ ನಟ ಮೊಹರು ಬಿದ್ದ ಮಾತನ್ನೇ ಆಡಿದ್ದಾನೆ. ಮುನ್ಶಿಯವರನ್ನು ಕೇಳಿ. ಊರಿನ ಬಾಯಿಗೆ ನಾನು ಮುಚ್ಚಳಿಕೆ ಕೊಟ್ಟಿಲ್ಲ. ಹಿಡಿಯುವುದಾದರೆ ನನ್ನನ್ನು ಹಿಡಿಯಿರಿ."

ಅಧಿಕಾರಿ ಎಲ್ಲರೆದುರಿಗೆ ಅವರ ಕೆನ್ನೆಗೆ ಹೊಡೆದ. ಟೊಪ್ಪಿಗೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ, ಜಾಗವನ್ನೂ ಬಿಡಲಿಲ್ಲ. ಅಷ್ಟರಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಸಂದಿಗೊಂದಿಗಳಲ್ಲಿ ಚದುರಿಹೋದರು. ಆ ಮುದುಕಿ ಯಾರೆಂದು ಕೊನೆಗೂ ಯಾರಿಗೂ ತಿಳಿಯಲಿಲ್ಲ. ಇಮಾಮಸಾಬರನ್ನು ಹೊತ್ತು ಮುಳುಗುವವರೆಗೆ ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು. ನಮ್ಮ ಪರವಾನಗಿ ರದ್ದಾಯಿತು. ಮೊಹರಿನ ಪ್ರತಿಯನ್ನು ಕಿತ್ತುಕೊಂಡರು.

ಮಂಡಳಿ ಒಡೆಯಿತು. ಊರುಗಳಿಗೆ ಬೆಂಕಿ ಬೀಳತೊಡಗಿತ್ತು, ಜನ ಗಡಿ ದಾಟಿ ಸೋಲಾಪುರದ ಕಡೆ ಹೋಗುತ್ತಿದ್ದರು. ನಾನೂ ಹೋದೆ, ಚನ್ನಪ್ಪನ ಮನೆಯವರೂ ಹೋದರು. ಪರದೆ, ಕಿರೀಟ, ಪೆಟ್ಟಿಗೆಗಳನ್ನು ಇಮಾಮಸಾಬರು ಗೊಬ್ಬೂರಿಗೆ ಒಯ್ದು ಮೈದುನನ ಮನೆಯ ಒಣ ಜೋಳದ ಕಣಕಿಯ ಬಣವಿಯೊಳಗೆ ಹುಗಿದಿಟ್ಟರು.

1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು. ಕೆಲವೇ ದಿನಗಳಲ್ಲಿ ಸಂಸ್ಥಾನ ಮುಗಿಯಿತು. ನಾವು ಕುಣಿದೆವು, ಸಕ್ಕರೆ ಹಂಚಿದೆವು. ಅದನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ವಾರಗಳಲ್ಲಿ ನಮ್ಮ ಕಡೆಯ ಊರುಗಳಲ್ಲಿ ಮುಸಲ್ಮಾನರ ಓಣಿಗಳಿಗೆ ಏನಾಯಿತು ಎಂಬುದನ್ನು ಹೇಳುವವರು ಕಡಿಮೆ. ಖಾಕಿಯವರು ಮಾಡಿದ್ದಕ್ಕೆ ಖಾಕಿ ಮುಟ್ಟದವರ ಮೇಲೆ ಸೇಡು ತೀರಿತು. ಇಮಾಮಸಾಬರ ಮೈದುನ ಎತ್ತು ಹುಡುಕಲು ಹೋದವನು ತಿರುಗಿ ಬರಲಿಲ್ಲ. ಅವನು ರೈತ. ಬಂದೂಕು ಮುಟ್ಟಿ ನೋಡಿದವನಲ್ಲ.

ನಾವು ಊರಿಗೆ ಮರಳಿ ದಸರೆ ಕಳೆದ ಮೇಲೆ ಜೇವರ್ಗಿಯವರು ಕುಂಬಾರನ ನಾಟಕ ಆಡಬೇಕೆಂದು ಕರೆದರು. ಭೀಮರಾಯರು ನನ್ನನ್ನು ಕರೆದುಕೊಂಡು ಗೊಬ್ಬೂರಿಗೆ ಹೋದರು. ಇಮಾಮಸಾಬರು ಬಣವಿಯಿಂದ ಪೆಟ್ಟಿಗೆ ತೆಗೆದು ಕೊಟ್ಟರು. ಒಂದು ಗೆಜ್ಜೆಯೂ ಕಳೆದಿರಲಿಲ್ಲ.

ಭೀಮರಾಯರು, "ನೀವು ಬರಬ್ಯಾಡ್ರಿ ಸಾಬ್ರ. ದಿನಾ ಛಲೋ ಇಲ್ಲ" ಎಂದರು.

"ಹಂಗಾದ್ರ ತಬಲಾ?"

"ತಬಲಾ ಇಲ್ದನ ಆಡ್ತೀವಿ."

ಇಮಾಮಸಾಬರು ತಬಲಾದ ಹಗ್ಗ ಬಿಗಿದರು. "ಆ ಮಾತು ಅಂವ ಪೂರಾ ಅಂದಾಗ ನಾ ಬಾರಸಬೇಕ್ರಿ. ಒಂದ ಸಲ ಬಾರಿಸಿ ಬಿಡ್ತೀನಿ" ಎಂದರು. ಬಂಡಿ ಹತ್ತಿದರು.

ಕತ್ತಲಾದ ಮೇಲೆ ಜನ ಇನ್ನೂ ಹೊರಗೆ ಬರುತ್ತಿರಲಿಲ್ಲವಾದ್ದರಿಂದ ಜೇವರ್ಗಿಯಲ್ಲೂ ಹಗಲಾಟವೇ. ಬಣ್ಣ ಹಚ್ಚುತ್ತಿದ್ದೆವು. ಚಪ್ಪರದ ಹಿಂದೆ ಇಪ್ಪತ್ತು ಮೂವತ್ತು ಜನ ಬಂದು ನಿಂತರು. ಕೈಯಲ್ಲಿ ಬಡಿಗೆ, ಕೊಡಲಿ. ಬೇರೆ ಬೇರೆ ಊರಿನವರು. ಮುಂದೆ ಇದ್ದವನ ಹೆಸರು ಸಿದ್ರಾಮ. ಚನ್ನಪ್ಪನನ್ನು ಇಟ್ಟಿದ್ದ ಠಾಣೆಯಲ್ಲೇ ಅವನ ಅಣ್ಣ ಸತ್ತಿದ್ದ. ಕಣ್ಣು ಕೆಂಪಾಗಿದ್ದವು, ಕುಡಿದು ಅಲ್ಲ.

"ತಬಲಾದಾವ ಎಲ್ಲಿ? ಹೊರಗ ಕಳಸ್ರಿ."

ಭೀಮರಾಯರು ಅಡ್ಡ ನಿಂತರು. "ಯಾಕ?"

ಸಿದ್ರಾಮ ಅಂಗಿಯೊಳಗಿಂದ ಒಂದು ಕಾಗದ ತೆಗೆದ. ಠಾಣೆಯ ಕಪಾಟು ಒಡೆದಾಗ ಸಿಕ್ಕ ಕಾಗದ. "ಇದರಾಗ ಅವನ ಹೆಸರ ಅದ, ಸಹಿ ಅದ ಅಂತ ಓದಿದಾವ್ರು ಹೇಳ್ಯಾರ. ನಮ್ಮ ಸುದ್ದಿ ಠಾಣಾಕ್ಕ ಮುಟ್ಟಸ್ತಿದ್ದ ಅಂವ. ನಮ್ಮಣ್ಣನ ಹೆಸರ ಕೊಟ್ಟಾವ ಯಾವ? ಹೇಳ್ರಿ!"

ಚನ್ನಪ್ಪ ಅರ್ಧ ಬಣ್ಣದಲ್ಲಿ ಎದ್ದು ಬಾಗಿಲಿಗೆ ಬಂದ. ಇಮಾಮಸಾಬರು ಅರದಾಳದ ಬಟ್ಟಲು ಹಿಡಿದು ಅವನ ಹಿಂದೆಯೇ ಇದ್ದರು. ಸಿದ್ರಾಮ ನನ್ನ ಕಡೆ ತಿರುಗಿ ಕಾಗದ ಚಾಚಿದ.

"ನೀವು ಉರ್ದು ಸಾಲಿ ಕಲ್ತಾವ್ರು. ಓದ್ರಿ ಮಾಸ್ತರ. ಎಲ್ಲಾರಿಗಿ ಕೇಳೋಹಂಗ ಓದ್ರಿ."

ನಾನು ಆ ಕಾಗದವನ್ನು ಅವತ್ತೇ ಮೊದಲ ಸಲ ನೋಡಿದ್ದು. ನಾಲ್ಕು ಸಾಲು ಇತ್ತು. ಮೊದಲು ಕಣ್ಣಿನಲ್ಲೇ ಓದಿಕೊಂಡೆ. ಚನ್ನಪ್ಪನೆಂಬ ನಟನ ಬಾಯಿಂದ ಬರುವ ಪ್ರತಿ ಮಾತಿಗೂ ನಾನು ಜವಾಬುದಾರ. ಅವನು ತಪ್ಪಿದರೆ ಅವನ ಬದಲು ನನ್ನನ್ನು ಶಿಕ್ಷಿಸಬಹುದು. ಸರಕಾರದ ವಿರುದ್ಧ ಮಾತಾಡುವವರು ಕಂಡುಬಂದರೆ ಅವರ ಹೆಸರನ್ನು ಠಾಣೆಗೆ ತಿಳಿಸುತ್ತೇನೆ. ಇದನ್ನು ಒಪ್ಪಿ ಸಹಿ ಮಾಡಿದ್ದೇನೆ.

ಮೂರನೆಯ ಸಾಲನ್ನು ಎರಡು ಸಲ ಓದಿಕೊಂಡೆ. ಯಾವ ಮುನ್ಶಿಯೂ ಯಾವ ಮುಚ್ಚಳಿಕೆಯಲ್ಲೂ ಬರೆಯುವ ಸಾಲು ಅದು. ಆದರೆ ಕೊಡಲಿ ಹಿಡಿದು ನಿಂತವನಿಗೆ ಅದನ್ನು ಹೇಗೆ ತಿಳಿಸುವುದು?

ದನಿ ಎತ್ತಿ ಓದಿದೆ. ಮೊದಲ ಸಾಲು. ಎರಡನೆಯ ಸಾಲು. ನಾಲ್ಕನೆಯ ಸಾಲು.

"ಇಷ್ಟ?" ಎಂದ ಸಿದ್ರಾಮ. "ಸುಳ್ಳು. ಬ್ಯಾರೆಯವನ ಸಲುವಾಗಿ ತನ್ನ ಕುತ್ತಿಗಿ ಯಾವ ಕೊಡ್ತಾನ? ಯಾಕ ಕೊಟ್ಟ?"

ಹಿಂದಿನವರು ಒಂದು ಹೆಜ್ಜೆ ಮುಂದೆ ಬಂದರು. ಆಗ ನಾನು ಹೇಳಿದೆ. ಒಂದು ವರ್ಷ ನುಂಗಿಕೊಂಡಿದ್ದನ್ನು ಆ ಬಿಸಿಲಿನಲ್ಲಿ, ಗುರುತಿಲ್ಲದ ಜನರ ಮುಂದೆ ಹೇಳಿದೆ.

"ನನ್ನ ಸಲುವಾಗಿ ಕೊಟ್ರು. ಮಟಕ್ಯಾಗ ಆ ಮಾತು ಚನ್ನಪ್ಪ ಸೇರಿಸಿಕೊಂಡಿದ್ದಲ್ಲ. ನಾ ತಪ್ಪ ಪ್ರತಿ ಹಿಡಕೊಂಡ ಕುಂತಿದ್ದೆ. ನಾ ಕೊಟ್ಟೆ, ಅಂವ ಅಂದ. ಅವನ್ನ ಒಯ್ದ್ರು. ನಾ ಸುಮ್ಮ ಕುಂತೆ. ಇಂವನ ಸೇರಿಸಿಕೊಂಡ ಅಂತ ಗೌಡರಿಗಿ ಸುಳ್ಳ ಹೇಳ್ದೆ. ಅವನ ಕಿವಿ ಹೋಯ್ತು. ಅವನ್ನ ಹೊರಗ ತರ್ಲಾಕ ಸಾಬ್ರು ಈ ಕಾಗದಕ್ಕ ಸಹಿ ಹಾಕ್ಯಾರ."

ಭೀಮರಾಯರು ನನ್ನ ಕಡೆ ನೋಡಿದರು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

ಸಿದ್ರಾಮ ಚನ್ನಪ್ಪನನ್ನು ಕೇಳಿದ, "ಖರೇ ಏನು?"

ಚನ್ನಪ್ಪನಿಗೆ ಕೇಳಿಸಲಿಲ್ಲ. ಬಲಗಿವಿ ತಿರುಗಿಸಿ, "ಏನಂದಿ?" ಎಂದ. ಸಿದ್ರಾಮ ಮತ್ತೆ ಕೇಳಿದ.

"ಖರೇ. ಠಾಣ್ಯಾಗ ಯಾವ ಕೊಟ್ಟ ಅಂತ ಐದ ದಿನ ಕೇಳಿದ್ರು. ನನ್ನ ಬಾಯಿ ತಪ್ತು ಅಂದೆ. ಇಬ್ಬರದೂ ಕಿವಿ ಯಾಕ ಹೋಗಬೇಕು?"

ಗುಂಪಿನ ನಡುವಿನಿಂದ ಒಬ್ಬ ಮುದುಕ ಮುಂದೆ ಬಂದ. ಬಿಳಿ ಮೀಸೆ, ಕಂಕುಳಲ್ಲಿ ಛತ್ರಿ. ಯಾವುದೋ ಊರಿನ ಹಳೆಯ ಪಟವಾರಿ ಎಂದು ಯಾರೋ ಅಂದರು. ಪಟವಾರಿ ಎಂದರೆ ಉರ್ದು ದಫ್ತರದಲ್ಲೇ ಆಯುಷ್ಯ ಕಳೆದವನು.

"ಕೊಡ್ರಿಲ್ಲಿ. ನನಗೂ ಓದಾಕ ಬರ್ತದ."

ಕಾಗದ ಕೊಟ್ಟೆ. ಕೊಡದೆ ಇರುವಂತಿರಲಿಲ್ಲ. ಅವನು ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸಿ ಹಾಕಿಕೊಂಡ. ಓದಿದ. ಅವನ ಕಣ್ಣು ಮೂರನೆಯ ಸಾಲಿನಲ್ಲಿ ನಿಂತದ್ದನ್ನು ನಾನು ನೋಡಿದೆ. ತಲೆ ಎತ್ತಿ ಇಮಾಮಸಾಬರನ್ನು ನೋಡಿದ. ಬಣ್ಣ ಮೆತ್ತಿದ ಅವರ ಬೆರಳುಗಳನ್ನು ನೋಡಿದ. ಆಮೇಲೆ ನನ್ನನ್ನು. ಮತ್ತೆ ಕಾಗದಕ್ಕೆ ಮರಳಿದ. ಹೊರಗೆ ಚಪ್ಪರದಲ್ಲಿ ಜನ, "ಸುರು ಮಾಡ್ರೋ" ಎಂದು ಕೂಗುತ್ತಿದ್ದರು.

"ಮಾಸ್ತರು ಓದಿದ್ದು ಬರೋಬರಿ ಅದ" ಎಂದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ತನ್ನ ಅಂಗಿಯ ಜೇಬಿಗೆ ಇಳಿಸಿದ. "ನಡಿ ಸಿದ್ರಾಮ. ನಿಮ್ಮಣ್ಣನ ಕೊಂದಾವ್ರು ಇಲ್ಲಿಲ್ಲ."

ಸಿದ್ರಾಮ ಕೊಡಲಿಯನ್ನು ಕೆಳಗಿಳಿಸಿ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಮುಖ ಮುಚ್ಚಿಕೊಂಡು ಅತ್ತ. ಅಣ್ಣ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲೆಂದು ಅವನ ಜೊತೆಯವರು ಹೇಳಿದರು.

ಆಟ ಆಡಿದೆವು. ಚನ್ನಪ್ಪ ಆ ಮಾತನ್ನು ಪೂರ್ತಿ ಆಡಿದ. ಇಮಾಮಸಾಬರ ತಬಲಾ ಅದರ ಹಿಂದೆಯೇ ಎದ್ದು, ಜನರ ಕೂಗಿನ ಮೇಲೂ ಕೇಳಿಸಿತು. ನಾನು ಕಣಜದೊಳಗಿದ್ದೆ. ಮಾತು ಕೊಡಬೇಕಾದ ಪ್ರಸಂಗ ಒಮ್ಮೆಯೂ ಬರಲಿಲ್ಲ.

ಭೀಮರಾಯರು ನನ್ನೊಡನೆ ಮಾತು ಬಿಟ್ಟರು. ಮೂರು ದಿನವಲ್ಲ, ಎರಡು ವರ್ಷ. ಕೆಲಸದಿಂದ ತೆಗೆಯಬೇಕೆಂದೇ ಇದ್ದರು. ಚನ್ನಪ್ಪ, "ನನಗ ಓದಿ ಹೇಳಾವ್ರು ಯಾರ್ರಿ ಮತ್ತ?" ಎಂದು ಉಳಿಸಿದನಂತೆ. ತಾಲೀಮಿನಲ್ಲಿ ನನ್ನಿಂದ ಒಂದು ಸಾಲನ್ನು ಹತ್ತು ಸಲ, ಇಪ್ಪತ್ತು ಸಲ ಓದಿಸುತ್ತಿದ್ದ. ಆದರೆ ರಂಗದ ಮೇಲೆ, ಆಮೇಲೆ ನಾವು ಒಟ್ಟಿಗೆ ಕಳೆದ ಇಪ್ಪತ್ತೆರಡು ವರ್ಷ, ಒಂದು ಸಲವೂ ನನ್ನ ಕಡೆ ಕಿವಿ ತಿರುಗಿಸಲಿಲ್ಲ. ಮರೆತರೆ ಮರೆತೇ ನಿಲ್ಲುತ್ತಿದ್ದ. ಹೆಬ್ಬೆರಳು ನೆಲ ಒತ್ತುವುದನ್ನು ನಾನು ನೋಡುತ್ತ ಕುಳಿತಿರುತ್ತಿದ್ದೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ. ತಪ್ಪು ಮಾತು ಕೊಟ್ಟರೆ ಆವತ್ತಿನ ಆಟ ಮುಗಿಯುವುದರೊಳಗೆ, ನಾನೇ ಕೊಟ್ಟೆ ಎಂದು ಹೇಳಿಬಿಡಿ. ಮಾರನೆಯ ದಿನಕ್ಕೆ ಅದು ದುಪ್ಪಟ್ಟು ಭಾರವಾಗಿರುತ್ತದೆ.

ಇಮಾಮಸಾಬರು ಮಾರನೆಯ ಬೆಳಿಗ್ಗೆ ಹೊರಟರು. ಹೈದರಾಬಾದಿನಲ್ಲಿ ಅಣ್ಣ ಇದ್ದ, ಹೆಂಡತಿ ಮಕ್ಕಳನ್ನು ಗೊಬ್ಬೂರಿನಿಂದ ಅಲ್ಲಿಗೆ ಕರೆದೊಯ್ಯುವೆನೆಂದರು. ಭೀಮಾ ದಂಡೆಯವರೆಗೆ ನಾನು ಅವರ ತಬಲಾ ಹೊತ್ತುಕೊಂಡು ಹೋದೆ. ಹೊಳೆ ಇನ್ನೂ ಕೆಂಪಗೆ ಹರಿಯುತ್ತಿತ್ತು. ಹರಗೋಲಿನಲ್ಲಿ ಕುಳಿತ ಮೇಲೆ ಅವರು ಕೇಳಿದರು.

"ಮೂರನೇ ಸಾಲ ಬಿಟ್ರಿ, ಮಾಸ್ತರ."

"ಹೌದ್ರಿ."

"ನಾ ತಿಳದ ಸಹಿ ಹಾಕೀನಿ ಅದಕ್ಕ. ಹಾಕ್ದಿದ್ರ ಚನ್ನಪ್ಪನ್ನ ಬಿಡ್ತಿರ್ಲಿಲ್ಲ. ಆದ್ರ ಒಬ್ಬರ ಹೆಸರೂ ನನ್ನ ಬಾಯಿಂದ ಹೋಗಿಲ್ಲ. ನಂಬ್ತೀರಿ?"

"ನಂಬ್ತೇನ್ರಿ."

ಅವರು ನನ್ನನ್ನೇ ನೋಡಿದರು. "ನಂಬಿಕಿ ಇರದಿದ್ರ ಬಿಡತಿದ್ರೇನು, ಆ ಸಾಲು?"

ನಾನು ಬಾಯಿ ತೆರೆಯುವುದರೊಳಗೆ ಹರಗೋಲಿನವನು ಗಳೆ ಊರಿ ನೂಕಿದ. ನೀರಿನ ಸದ್ದಿನಲ್ಲಿ ಏನು ಕೂಗಿದರೂ ಕೇಳುತ್ತಿರಲಿಲ್ಲ. ಅವರು ಆಚೆ ದಂಡೆಯಲ್ಲಿ ಇಳಿದು, ತಬಲಾ ಹೆಗಲಿಗೇರಿಸಿಕೊಂಡು, ತೊಗರಿ ಹೊಲದ ದಾರಿ ಹಿಡಿದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಬಿಡುತ್ತಿದ್ದೆ, ಇಮಾಮಸಾಬರೆ. ನಂಬಿಕೆ ಇರದಿದ್ದರೂ ಬಿಡುತ್ತಿದ್ದೆ.